ನಿಶ್ಚಿಂತ ಮನೆಗಳು

ಗದಗಿನ ಆ ಕಾಲೇಜಿನಲ್ಲಿ ಸೇವಾವಿಜ್ಞಾನದ ಮೊದಲ ಪಾಠ ಪ್ರತಿವರ್ಷವೂ ಒಂದು ಹಳೆಯ ಚಾದರದಿಂದ ಶುರುವಾಗುತ್ತಿತ್ತು. ಕಸ್ತೂರಿ ಹೂಗಾರ ಅದನ್ನು ಮನೆಯಿಂದಲೇ ಮಡಚಿ ತರುತ್ತಿದ್ದಳು. ಎತ್ತರದ ಹುಡುಗರಿಬ್ಬರನ್ನು ಮುಂದಕ್ಕೆ ಕರೆದು, ಆ ತುದಿ ಈ ತುದಿ ಹಿಡಿಸಿ ನಿಲ್ಲಿಸಿ, ತಾನು ಅದರ ಹಿಂದೆ ಹೋಗಿ ಮರೆಯಾಗುತ್ತಿದ್ದಳು. ಆಮೇಲೆ ಅಲ್ಲಿಂದಲೇ ಮಾತು ಕೇಳಿಸುತ್ತಿತ್ತು.

“ಇದು ಕಂಪನಿ ನಾಟಕದ ಪರದೆ ಅಂತ ತಿಳ್ಕೋರಿ. ಮುಂದ ಕುಂತವರಿಗೆ ರಾಜಾ ಕಾಣ್ತಾನ. ಹಿಂದ ಇದ್ದವರಿಗೆ ರಾಜಾನ ಮೀಸಿಗೆ ಅಂಟು ಹಚ್ಚಾಂವ ಕಾಣ್ತಾನ. ಇಬ್ಬರೂ ಇದ್ರನ ಆಟ. ದವಾಖಾನಿ ಇರಲಿ, ಬಸ್ಸಿರಲಿ, ಖಾನಾವಳಿ ಇರಲಿ, ಎಲ್ಲಾ ಸೇವಾನೂ ಹಿಂಗ. ಪರದೆ ಎಲ್ಲಿ ಕಟ್ಟಬೇಕು, ಮುಂದ ಏನು ಕಾಣಬೇಕು, ಹಿಂದ ಏನು ನಡೀಬೇಕು, ಇದನ್ನ ವಿಚಾರ ಮಾಡಿ ಕಟ್ಟೋದಕ್ಕ ಸೇವಾ ವಿನ್ಯಾಸ ಅಂತಾರ.”

ಈ ವರ್ಷ ಎಡತುದಿ ಹಿಡಿದವನು ಚೆನ್ನವೀರ. ಸುಮ್ಮನಿರುವ ಜಾಯಮಾನದವನಲ್ಲ.

“ಮೇಡಂರೀ, ನಮ್ಮೂರಾಗ ಈಗ ರಾಜಾನೂ ಇಲ್ಲ, ಅಂಟಿನಾಂವನೂ ಇಲ್ಲ. ಬರೇ ಚಾದರ ಐತಿ,” ಅಂದ.

ತರಗತಿ ನಕ್ಕಿತು. ಚಾದರದ ಹಿಂದೆ ಕಸ್ತೂರಿಯೂ ನಕ್ಕಳು. ಆದರೆ ಈಚೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಹುಡುಗ ಹೇಳಿದ್ದು ಸುಳ್ಳಲ್ಲ. ‘ಅಣಿ’ ಎಂಬ ಯಂತ್ರವ್ಯವಸ್ಥೆ ಊರಿಗೆ ಬಂದ ಕಾಲದಲ್ಲಿ ಈ ಮಕ್ಕಳಿನ್ನೂ ತೊಟ್ಟಿಲಲ್ಲಿದ್ದರು. ಈಗ ಪ್ರತಿಯೊಬ್ಬರ ಮುಂಗೈಯಲ್ಲೂ ಅಣಿಯ ಕಡಗ. ಅದು ನಾಡಿ ನೋಡುತ್ತದೆ, ಮೈಶಾಖ ನೋಡುತ್ತದೆ, ಮಾತಿನ ದನಿಯಲ್ಲಿ ನಡುಕವಿದೆಯೇ ಎಂದು ಆಲಿಸುತ್ತದೆ. ಪ್ರತಿ ಮನೆಯ ಹಿಟ್ಟಿನ ಡಬ್ಬಿಗೆ, ನೀರಿನ ಟಾಕಿಗೆ, ಗುಳಿಗೆಯ ಪೆಟ್ಟಿಗೆಗೆ ಒಂದೊಂದು ಸಣ್ಣ ಕಣ್ಣು. ಹಿಟ್ಟು ತಳ ಕಾಣುವ ಮೊದಲೇ ಹೊಸ್ತಿಲಲ್ಲಿ ಹಿಟ್ಟು ಬಂದಿರುತ್ತದೆ. ನಳ ಸೋರುವ ಮೊದಲೇ ಗೋಡೆಯೊಳಗಿನ ಹುಳುವಿನಂಥ ಯಂತ್ರ ಅದನ್ನು ಸರಿಮಾಡಿರುತ್ತದೆ. ಜ್ವರ ಬಂದಿದೆ ಎಂದು ಮನುಷ್ಯನಿಗೆ ಗೊತ್ತಾಗುವುದು ಔಷಧ ಮನೆಗೆ ಬಂದ ಮೇಲೆ. ಸರತಿ ಸಾಲಿನ ಗಣಿತ ಕಲಿಸುವಾಗ ಕಸ್ತೂರಿ ಮೊದಲು ಸರತಿ ಸಾಲು ಅಂದರೇನು ಎಂದು ವಿವರಿಸಬೇಕಾಗುತ್ತಿತ್ತು. “ಒಬ್ಬರ ಹಿಂದೆ ಒಬ್ಬರು ಸುಮ್ಮನ ನಿಂದರ್ತಿದ್ರಾ ಮೇಡಂರೀ? ಏನ್ ಮಾಡ್ತಿದ್ರು ನಿಂತು?” ಎಂದು ಮಕ್ಕಳು ಕೇಳುತ್ತಿದ್ದರು. “ಮಾತಾಡ್ತಿದ್ವಿ,” ಎನ್ನುತ್ತಿದ್ದಳು.

ಒಂದು ಸೇವೆಯಲ್ಲಿ ಮಾತ್ರ ಇನ್ನೂ ಮನುಷ್ಯರು ಉಳಿದಿದ್ದರು. ಅದರ ಹೆಸರು ‘ಜೊತೆ’. ಒಂಟಿಯಾಗಿರುವವರ ಮನೆಗೆ ಯಾರಾದರೊಬ್ಬರು ಬಂದು ಒಂದಿಷ್ಟು ಹೊತ್ತು ಕೂತು ಹೋಗುವುದು, ಅಷ್ಟೇ. ಕಳಿಸುವ ಮೊದಲು ಅಣಿ ಕೇಳುತ್ತದೆ. ಬೇಕು ಅಂದರೆ ಕಳಿಸುತ್ತದೆ, ಬೇಡ ಅಂದರೆ ಇಲ್ಲ.

ಒಂದು ಸೇವೆಯನ್ನು ಆರಿಸಿಕೊಂಡು, ಮನೆಬಾಗಿಲಿನಿಂದ ಹಿಂದಕ್ಕೆ ನಡೆಯುತ್ತ ನಡೆಯುತ್ತ ಪರದೆಯ ಹಿಂದಿನ ಕಟ್ಟಕಡೆಯ ಕೈಯನ್ನು ಮುಟ್ಟಿ ಬರಬೇಕು. ಇದು ಮೊದಲ ವರ್ಷದವರಿಗೆ ಅವಳು ಕೊಡುವ ಅಭ್ಯಾಸ. ಹೆಚ್ಚಿನವರು ಹಿಟ್ಟನ್ನೋ ನೀರನ್ನೋ ಆರಿಸಿದರು. ಕೊನೆಯ ಬೆಂಚಿನ ರುಬಿನಾ ನದಾಫ ಎದ್ದು, “ನಾ ಜೊತೆ ತಗೋತೀನ್ರಿ,” ಅಂದಳು. “ನಮ್ಮ ಖಾಲಾ, ಅಂದ್ರ ಚಿಗವ್ವ, ಅದರಾಗ ಕೆಲಸ ಮಾಡ್ತಾಳ. ಮೊದಲು ದಿನಾ ನಾಕೈದು ಮನಿಗೆ ಹೋಗ್ತಿದ್ಲು. ಈಗ ವಾರಾದಾಗ ಒಂದು ಸಿಕ್ರ ಹೆಚ್ಚು. ಊರಾಗ ಒಬ್ಬಂಟಿಗರು ಕಡಿಮಿ ಆದ್ರೇನು ಅಂತ ನೋಡಬೇಕ್ರಿ.”

ಚೆನ್ನವೀರ ತಾನೂ ಅವಳ ತಂಡಕ್ಕೆ ಸೇರಿದ. ಹಿಟ್ಟಿನ ಗಿರಣಿಯ ತನಕ ನಡೆಯುವುದು ತಪ್ಪಿತಲ್ಲ ಎಂಬುದು ಅವನ ಲೆಕ್ಕ.

ಸಂಜೆ ಕಸ್ತೂರಿ ಮನೆಗೆ ಬಂದಾಗ ದೀಪ ಹತ್ತಿತ್ತು. ಸ್ನಾನಕ್ಕೆ ನೀರು ಹದವಾಗಿ ಕಾದಿತ್ತು. ಬೇಳೆ ಬೆಂದಿತ್ತು. ಮೂರನೆಯ ಮಹಡಿಯ ಆ ಮನೆಯಲ್ಲಿ ಕುಂದು ಹೇಳುವಂಥದ್ದು ಒಂದೂ ಇರಲಿಲ್ಲ. ಕಿಟಕಿಯಿಂದ ದೂರದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುತ್ತಿದ್ದುದು ಕಾಣುತ್ತಿತ್ತು. ಅವುಗಳನ್ನು ನೋಡುತ್ತ ಊಟ ಮಾಡುವುದು ಅವಳಿಗೆ ರೂಢಿಯಾಗಿತ್ತು. ತಟ್ಟೆಯ ಎದುರಿಗೆ ಏನಾದರೂ ಅಲುಗಾಡುತ್ತಿರಬೇಕಲ್ಲ.

ಅದೇ ಮನೆಯಲ್ಲಿ ಒಟ್ಟಿಗಿದ್ದ ಅಕ್ಕ ಇಂದುಮತಿ ತೀರಿಕೊಂಡ ಮೊದಲ ತಿಂಗಳಲ್ಲಿ ಅಣಿ ದಿನವೂ ಕೇಳುತ್ತಿತ್ತು. ‘ಯಾರನ್ನಾದರೂ ಸ್ವಲ್ಪ ಹೊತ್ತು ನಿಮ್ಮ ಜೊತೆಗೆ ಕಳಿಸಲೇ?’ ಮೆತ್ತಗಿನ, ಸಭ್ಯ ದನಿ. ಕಸ್ತೂರಿ ಪ್ರತಿಸಲವೂ “ಬ್ಯಾಡ, ಇರಲಿ” ಅನ್ನುತ್ತಿದ್ದಳು. ಸಂಜೆಯ ಹೊತ್ತು, ಬರುವವಳಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ, ಒಲೆ ಇರುತ್ತದೆ. ತನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ. ಆಮೇಲೆ ಅದು ಎರಡು ದಿನಕ್ಕೊಮ್ಮೆ ಕೇಳಿತು. ಆಮೇಲೆ ವಾರಕ್ಕೊಮ್ಮೆ. ಒಂದು ದಿನ ಕೇಳುವುದನ್ನೇ ಬಿಟ್ಟಿತು. ಬೇಡವೆಂದವರನ್ನು ಪೀಡಿಸಬಾರದೆಂಬುದು ಅದಕ್ಕೆ ಕಲಿಸಿದ ಮರ್ಯಾದೆ.

ಅದು ಕೇಳುವುದನ್ನು ಬಿಟ್ಟ ಮೇಲೆಯೇ, ತಾನು ಅದರ ಕೇಳುವಿಕೆಗಾಗಿ ಕಾಯುತ್ತಿದ್ದೆ ಎಂಬುದು ಕಸ್ತೂರಿಗೆ ತಿಳಿದದ್ದು. ಈಗಲೂ ಊಟದ ನಂತರ ಕೈ ಒರೆಸಿಕೊಂಡು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಕಡಗಕ್ಕೆ ಬಾಯಿ ತಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಕೇಳದವರ ಮುಂದೆ ಬೇಕು ಅನ್ನುವುದು ಹೇಗೆ? ಹಾಗೆ ಬೆಳೆದವಳಲ್ಲ ಅವಳು. ಆ ಸೀಮೆಯಲ್ಲಿ ಯಾರೂ ಹಾಗೆ ಬೆಳೆದಿರಲಿಲ್ಲ.

ಅಣಿಯ ನಿಯಂತ್ರಣ ಕೋಣೆ ಇದ್ದದ್ದು ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕಟ್ಟಡದಲ್ಲಿ. ಅಲ್ಲಿನ ಮೇಲ್ವಿಚಾರಕ ಪ್ರಭಾಕರ ಜವಳಿ, ರುಬಿನಾಳ ತಂಡದ ಮಕ್ಕಳು ಕಸ್ತೂರಿಯೊಂದಿಗೆ ಬರುತ್ತಾರೆಂದು, ಎಲ್ಲಿಂದಲೋ ಕುರ್ಚಿಗಳನ್ನು ಹೊಂದಿಸಿಟ್ಟಿದ್ದ. ಒಂದು ಕಡಿಮೆಯಾದಾಗ ತನ್ನದನ್ನೇ ಚೆನ್ನವೀರನ ಕಡೆಗೆ ತಳ್ಳಿ, ತಾನು ಮೇಜಿಗೆ ಒರಗಿ ನಿಂತ. ಒಂದಿಡೀ ಗೋಡೆಯ ಮೇಲೆ ಗದಗ ಬೆಟಗೇರಿ ಎರಡೂ ಹರಡಿಕೊಂಡಿದ್ದವು. ಪ್ರತಿ ಮನೆಯೂ ಒಂದು ಚುಕ್ಕೆ.

“ಹಳದಿ ಚುಕ್ಕಿ ಅಂದ್ರ ಅಲ್ಲೇನೋ ಬೇಕಾಗೇತಿ, ಅಣಿ ಕೆಲಸ ನಡಸೇತಿ ಅಂತ,” ಎಂದು ಅವನು ವಿವರಿಸಿದ. “ಹಸಿರು ಅಂದ್ರ ನಿಶ್ಚಿಂತ. ಏನೂ ಬೇಕಾಗಿಲ್ಲ, ಏನೂ ಕೇಳಂಗಿಲ್ಲ. ನಾ ಬಂದಾಗ ಹಸಿರು ಅಲ್ಲೊಂದು ಇಲ್ಲೊಂದು ಇದ್ವು. ಈಗ ನೋಡ್ರಿ, ಬೆಳಿ ಬಂದಂಗ ಬಂದಾವು.”

“ನಮ್ಮ ಖಾಲಾನಂಗ ಜೊತೆಗೆ ಹೋಗೋರು ಕಡಿಮಿ ಆಗಿದ್ದು ಇದಕ್ಕೇನ್ರಿ ಸರ್?” ಎಂದಳು ರುಬಿನಾ.

“ಮತ್ತ? ಯಾರೂ ಬೇಕು ಅನ್ನಂಗಿಲ್ಲ. ಈ ತಿಂಗಳಾಖೇರಿಗೆ ಜೊತೆ ಮುಚ್ಚಬೇಕು ಅಂತ ಮುಖ್ಯಕಚೇರಿಯವರು ಹೇಳ್ಯಾರ. ಇದ್ದ ಮಂದಿಗೆ ಬ್ಯಾರೆ ಕೆಲಸ ಕೊಡ್ತಾರ, ನಿಮ್ಮ ಖಾಲಾಗ ಕಾಳಜಿ ಬ್ಯಾಡ ಅಂತ ಹೇಳು.”

“ಹಸಿರು ಮನಿಯೊಳಗ ಹೋಗಿ ಯಾರರೆ ನೋಡ್ಯಾರೇನ್ರಿ?”

“ಯಾಕ ನೋಡಬೇಕವ್ವಾ? ಕಡಗ ಐತಲ್ಲ. ಮನುಷ್ಯಾ ಸುಳ್ಳು ಹೇಳಿದಾಗ ನಾಡಿ ಜಿಗೀತದ, ದನಿ ಬಿಗೀತದ. ಬ್ಯಾಡ ಅಂದಾಗ ಎರಡೂ ಸಮ ಇದ್ರ ಅದು ಖರೇನ ಬ್ಯಾಡ. ಇಲ್ಲೇ ನೋಡ್ರಿ, ಈ ಕೋಣಿಗೂ ಅಣಿಯ ಕಿವಿ ಹಚ್ಚೀನಿ. ನಾವು ಮಾತಾಡಿದ್ದು ಹ್ಯಾಂಗ ಬೀಳ್ತದ ನಿಮಗ ಕಾಣಲಿ ಅಂತ.”

ಗೋಡೆಯ ಮೂಲೆಯಲ್ಲಿ ಅಕ್ಷರಗಳು ಏರುತ್ತಿದ್ದವು. ಮಕ್ಕಳು ತಮ್ಮ ಮಾತು ತಾವೇ ಓದಿಕೊಂಡು ನಕ್ಕರು. ಅಷ್ಟರಲ್ಲಿ ಜವಳಿ ಕಪಾಟಿನಿಂದ ತನ್ನ ಥರ್ಮಾಸ್ ತೆಗೆದ. ಅಣಿ ಎಲ್ಲರಿಗೂ ಚಹಾ ಮಾಡಿ ಕೊಡುತ್ತಿದ್ದ ಊರಿನಲ್ಲಿ ಆತ ಮನೆಯಿಂದ ಚಹಾ ಕಟ್ಟಿಸಿಕೊಂಡು ಬರುತ್ತಿದ್ದ.

“ಚಾ ಕುಡೀರಿ ಎಲ್ಲಾರೂ.”

“ಬ್ಯಾಡ್ರಿ ಸರ್, ಈಗರ ಕುಡದ ಬಂದೀವಿ,” ಎಂದ ಚೆನ್ನವೀರ. ಕುಡಿದಿರಲಿಲ್ಲ. ದಾರಿಯುದ್ದಕ್ಕೂ ಚಹಾ ಇಲ್ಲದೆ ತಲೆ ನೋಯುತ್ತಿದೆ ಎಂದು ಗೊಣಗುತ್ತ ಬಂದಿದ್ದ.

“ಬ್ಯಾಡ್ರಿ, ಯಾಕ ತ್ರಾಸು,” ಎಂದಳು ರುಬಿನಾ.

“ಸಾಕ್ರಿ, ನಂದೂ ಆಗೇತಿ,” ಎಂದಳು ಕಸ್ತೂರಿ.

ಜವಳಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಟಗಳಿಗೆ ಸುರಿದು, ಒಬ್ಬೊಬ್ಬರ ಕೈಗೂ ತುರುಕುತ್ತ ಹೋದ. ಮಕ್ಕಳು ಊದಿಕೊಳ್ಳುತ್ತ ಖುಷಿಯಿಂದ ಕುಡಿದರು. ಚೆನ್ನವೀರ ಎರಡನೆಯ ಸಲಕ್ಕೂ ಬೇಡವೆಂದು, ಎರಡನೆಯ ಸಲವೂ ಕುಡಿದ. ರುಬಿನಾ ಮಾತ್ರ ಲೋಟ ಹಿಡಿದುಕೊಂಡು ಗೋಡೆಯ ಮೂಲೆಯನ್ನೇ ನೋಡುತ್ತಿದ್ದಳು.

“ಸರ್, ನಾವು ಬ್ಯಾಡ ಅಂದ್ವಿ. ನೀವ್ಯಾಕ ಕೊಟ್ರಿ?”

“ಚಲೋ ಕೇಳ್ತಿ ನೀ. ಬ್ಯಾಡ ಅಂತಾರ, ಕೊಡಬೇಕು. ಮನಿಗೆ ಬಂದ ಹುಡುಗ್ರು ಬೇಕು ಅಂತ ಕೇಳ್ತಾವೇನು?” ಎಂದು ನಗುತ್ತ ಅವನೂ ಗೋಡೆಯ ಕಡೆ ತಿರುಗಿದ.

ಅಲ್ಲಿ ಬರೆದಿತ್ತು: ‘ನೀಡಿದ್ದು: ಚಹಾ. ಉತ್ತರ: ಬೇಡ. ನಾಡಿ ಸಮ. ದನಿ ಸಮ. ತೀರ್ಮಾನ: ತೃಪ್ತರು.’ ಕೆಳಗೆ ಅದೇ ಸಾಲು ಮತ್ತೆ. ಅದರ ಕೆಳಗೆ ಮತ್ತೆ.

ಜವಳಿಯ ನಗೆ ಮೆಲ್ಲಗೆ ಇಳಿಯಿತು. ಕಸ್ತೂರಿ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಬೇಡ ಅಂದದ್ದು ಸುಳ್ಳಲ್ಲವಲ್ಲ, ಎಂದುಕೊಂಡಳು. ಮಾತು ಬಂದಾಗಿನಿಂದ ಆಡುತ್ತ ಬಂದ ಉಪಚಾರ, ಅದಕ್ಕೆ ನಾಡಿ ಯಾಕೆ ಜಿಗಿಯುತ್ತದೆ? ಅಣಿಯನ್ನು ಕಟ್ಟಿದವರು ಬೇರೆಲ್ಲಿಯವರೋ, ಬೇಡ ಅಂದರೆ ಬೇಡವೇ ಆಗುವ ಊರಿನವರು. ಇಲ್ಲಿ ನಡೆಸುವವರು ಇಲ್ಲಿಯವರೇ. ಆದರೆ ಊಟಕ್ಕೆ ಕೂತಾಗ ತಿಳಿಯುವ ವಿಷಯ ಗೋಡೆಯ ಮುಂದೆ ಕೂತಾಗ ಹೊಳೆದಿರಲಿಲ್ಲ.

“ಒಂದು ವಾರ ನನ್ನ ಕೈಯಾಗ ಐತಿ,” ಎಂದ ಜವಳಿ ಕೊನೆಗೆ. ದನಿ ಬದಲಾಗಿತ್ತು. “ಒಂದು ಓಣಿ ಆರಿಸ್ಕೋರಿ. ಅಲ್ಲಿ ಒಬ್ಬಂಟಿ ಇದ್ದವರ ಹಸಿರು ಮನಿಗೋಳಿಗೆ ಜೊತೆಯವರನ್ನ ಕಳಸ್ತೀನಿ, ಅಣಿ ಕೇಳೋದು ಬ್ಯಾಡ. ಆದ್ರ ಬಾಗಲದಾಗ ನಿಂತು ಕೇಳಬೇಕು. ಮನಿಯವರು ಬ್ಯಾಡ ಅಂದ್ರ ಒಳಗ ಕಾಲಿಡಂಗಿಲ್ಲ, ಅದು ಕಾಯಿದೆ. ಒಂದ ಒಂದು ಹಸಿರು ಮನಿಯವರು ಬಾಯಿಬಿಟ್ಟು ಬೇಕು ಅನ್ನಲಿ, ಅದು ಕಡಗದಾಗ ಬೀಳಲಿ. ಮುಖ್ಯಕಚೇರಿ ಜೋಡಿ ನಾ ಜಗಳ ತಗೀತೀನಿ. ಯಾರೂ ಅನ್ನಲಿಲ್ಲ ಅಂದ್ರ ನನ್ನ ಕೈಯಾಗೂ ಏನಿಲ್ಲ.”

ಓಣಿ ಆರಿಸಿದವನು ಚೆನ್ನವೀರ. ಕಾಲೇಜಿಗೆ ಹತ್ತಿರದ್ದು, ನಡೆಯುವುದು ಕಡಿಮೆ. ಜವಳಿ ಅದನ್ನು ಗೋಡೆಯ ಮೇಲೆ ಹಿಗ್ಗಿಸಿದ. ಮನೆಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಬೇವಿನ ಮರದ ಮೂಲೆ, ಅದರ ಎದುರು ನಾಲ್ಕು ಮಹಡಿಯ ಕಟ್ಟಡ, ಅದರ ಮೂರನೆಯ ಮಹಡಿಯಲ್ಲಿ ಒಂದು ಹಸಿರು ಚುಕ್ಕೆ, ಸುತ್ತಲಿನ ಎಲ್ಲಕ್ಕಿಂತ ನಿಚ್ಚಳವಾಗಿ ಹೊಳೆಯುತ್ತಿತ್ತು.

ಕಸ್ತೂರಿ ಅದನ್ನು ನೋಡಿದಳು. ಬೇರೆ ಓಣಿ ತಗೊಳ್ಳಿ ಅನ್ನಬಹುದಿತ್ತು. ಅದು ನನ್ನ ಮನೆ ಅನ್ನಬಹುದಿತ್ತು. ಎರಡೂ ಅನ್ನಲಿಲ್ಲ. ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಮೇಜಿನ ಮೇಲಿಟ್ಟಳು.

ಆ ವಾರವೆಲ್ಲ ತರಗತಿಯಲ್ಲಿ ಅದೇ ಚರ್ಚೆ. ಎಷ್ಟು ಸಲ ಕೇಳಬೇಕು? ಒಂದೇ ಸಲವೆಂದರೆ ಅಣಿಯ ತಪ್ಪೇ ಆಯಿತು. ಹತ್ತು ಸಲವೆಂದರೆ ಜುಲುಮೆ. ಮೂರು ಸಲ ಎಂದು ತೀರ್ಮಾನವಾಯಿತು.

“ಇಷ್ಟೆಲ್ಲಾ ಯಾಕ್ರಿ ಮೇಡಂ?” ಎಂದ ಚೆನ್ನವೀರ. “ಬೇಕಾದವರು ಬೇಕು ಅನ್ನಲಿ. ಒಂದ ಮಾತು. ಬಾಯಿ ಇಲ್ಲೇನು ಅವರಿಗೆ?”

ಕಸ್ತೂರಿ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ರುಬಿನಾ ಹಿಂದಿನಿಂದ, “ಮದಿವಿ ಮನಿಯಾಗ ಊಟಕ್ಕ ಕುಂತಾಗ ಇನ್ನೊಂದು ಹೋಳಿಗಿ ಹಾಕ್ರಿ ಅಂತ ನೀ ಕೇಳಿಯೇನು?” ಎಂದಳು.

“ಛೇ, ನಾಚಿಕಿಗೇಡು.”

“ಮತ್ತ.”

ಕಸ್ತೂರಿ ಬೋರ್ಡಿನ ಕಡೆ ತಿರುಗಿ ಬರೆದದ್ದನ್ನೇ ಇನ್ನೊಮ್ಮೆ ತಿದ್ದಿದಳು.

ವಾರದ ಕೊನೆಯ ದಿನ, ಜೊತೆಯವರು ಓಣಿಗೆ ಬರುವ ದಿನ, ಅವಳು ಕಾಲೇಜಿನಿಂದ ಬೇಗ ಬಂದಳು. ಬೀಗ ಹಾಕಿಕೊಂಡು ಎಲ್ಲಾದರೂ ಹೋಗಿಬಿಡಬೇಕೆಂದು ಒಮ್ಮೆ ಅನ್ನಿಸಿತು. ಸೀರೆ ಬದಲಿಸಿದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಬಿಸಿಲು ಇಳಿಯುತ್ತಿದ್ದಾಗ ಮೆಟ್ಟಿಲ ಮೇಲೆ ಎರಡು ಜೋಡಿ ಚಪ್ಪಲಿಗಳ ಸದ್ದು ಕೇಳಿಸಿತು. ಆ ಮಹಡಿಗೆ ಯಾರಾದರೂ ನಡೆದು ಬಂದು ಎಷ್ಟು ಕಾಲವಾಗಿತ್ತೋ.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಏದುಸಿರು. ಅವಳ ಹಿಂದೆ ರುಬಿನಾ. ಮನೆಯ ನಂಬರು ನೋಡಿ, ಮುಖ ನೋಡಿ, ರುಬಿನಾ ಹಿಂದಿನ ಗೋಡೆಗೆ ಸರಿದಳು. ಮೇಡಂ ಅನ್ನಲಿಲ್ಲ. ಅವಳ ಖಾಲಾ ಹಾಜರಾಬಿಗೆ ಇದಾವುದೂ ತಿಳಿಯದು.

“ಅಕ್ಕಾರ, ಒಂದೀಟ ಹೊತ್ತು ನಿಮ್ಮ ಜೋಡಿ ಕುಂತು ಹೋಗ್ಲೇನ್ರಿ?”

“ಬ್ಯಾಡ್ರಿ,” ಎಂದಳು ಕಸ್ತೂರಿ. ಮಾತು ತಾನಾಗಿಯೇ ಬಂದಿತ್ತು. “ಸಂಜಿ ಹೊತ್ತು, ನಿಮಗೂ ಮನಿ ಮಾರು ಇರ್ತಾವು.”

“ನನಗೇನು ಗಡಿಬಿಡಿ ಇಲ್ರಿ. ಕುಂದರ್ಲೇನು?”

“ಇರಲಿ ಬಿಡ್ರಿ. ನಾ ಆರಾಮ ಅದೀನಿ.”

ಹಾಜರಾಬಿ ಕಸ್ತೂರಿಯ ಹೆಗಲ ಮೇಲಿಂದ ಒಳಗೆ ಒಮ್ಮೆ ನೋಡಿದಳು. ಚೊಕ್ಕವಾದ ಕೋಣೆ, ಕಿಟಕಿಗೆ ಮುಖ ಮಾಡಿದ ಒಂದೇ ಕುರ್ಚಿ. ಮೂರನೆಯ ಸಲ ಮೆಲ್ಲಗೆ ಕೇಳಿದಳು. “ನನಗೂ ಮೆಟ್ಟಲಾ ಹತ್ತಿ ಕಾಲು ಹಿಡದಾವ್ರಿ. ಬರ್ಲೇನ್ರಿ ಒಳಗ?”

ಕಸ್ತೂರಿಯ ಕಣ್ಣು ರುಬಿನಾಳ ಮೇಲೆ ಹೋಯಿತು. ತಾನು ಪಾಠ ಹೇಳಿದ ಹುಡುಗಿಯ ಮುಂದೆ ಬೇಕು ಅನ್ನುವುದು ಹೇಗೆ?

“ಬ್ಯಾಡ್ರಿ,” ಎಂದಳು.

ಕಡಗ ಮಿನುಗಿ ಶಾಂತವಾಯಿತು. ಹಸಿರು. ಹಾಜರಾಬಿ ತಲೆಯಾಡಿಸಿ ತಿರುಗಿದಳು. ಎರಡು ಮೆಟ್ಟಿಲು ಇಳಿದಿದ್ದಳೋ ಇಲ್ಲವೋ, ಕಸ್ತೂರಿ ಹೊಸ್ತಿಲು ದಾಟಿ ಹೊರಗೆ ಬಂದಿದ್ದಳು.

“ನಿಂದರ್ರಿ, ಹಂಗ ಹ್ಯಾಂಗ ಹೋಗ್ತೀರಿ? ಬಾಗಲದ ತನಕ ಬಂದೀರಿ. ಚಾ ಕುಡಕೊಂಡು ಹೋಗ್ರಿ.”

ಹಾಜರಾಬಿ ನಿಂತಳು. ಅವಳೂ ಆ ಊರಿನವಳೇ. “ಬ್ಯಾಡ್ರಿ, ನಿಮಗ್ಯಾಕ ತ್ರಾಸು,” ಎಂದಳು.

“ತ್ರಾಸೇನು ಬಂತು, ಬರ್ರಿ.”

“ಈಗರ ಆತ್ರಿ.”

“ಆದ್ರೇನಾತು, ಅರ್ಧಾ ಕಪ್ಪು.”

ಅಲ್ಲಿಯತನಕ ಗೋಡೆಗೆ ಆತು ನಿಂತಿದ್ದ ರುಬಿನಾ ಮಾತಾಡಿದಳು. ಅವಳು ಕಸ್ತೂರಿಯನ್ನು ನೋಡುತ್ತಿರಲಿಲ್ಲ, ಮೆಟ್ಟಿಲ ಕಡೆ ನೋಡುತ್ತಿದ್ದಳು. ನೋಡಬಾರದ ಹೊತ್ತಿನಲ್ಲಿ ನೋಡದಿರುವ ದೊಡ್ಡತನ ಅಷ್ಟು ಸಣ್ಣ ವಯಸ್ಸಿಗೆ ಬಂದಿತ್ತು.

“ಎಲ್ಲಾ ಮನಿಯಾಗೂ ಹಿಂಗ ಆತ್ರಿ. ಎಲ್ಲಾರೂ ಬ್ಯಾಡ ಅಂದ್ರು. ಆಮ್ಯಾಲೆ ಚಾ ಕುಡಕೊಂಡು ಹೋಗ್ರಿ ಅಂತ ಹಿಂದಿಂದ ಕರದ್ರು. ಒಬ್ಬರು ಊಟಾನೂ ಹಾಕಿದ್ರು. ಬೇಕು ಅಂತ ಮಾತ್ರ ಯಾರೂ ಅನ್ನಲಿಲ್ಲ. ಇದ ಕಡೀ ಮನಿ. ಖಾಲಾ ಬರೇ ಚಾ ಕುಡದು ಹೋದ್ರ ನಿಮ್ಮ ಮನಿ ಹಸಿರೇ ಉಳೀತದ್ರಿ. ಎಲ್ಲಾರದೂ.”

ಕೆಳಗಿನ ಮಹಡಿಯಲ್ಲಿ ಯಂತ್ರವೊಂದು ಯಾರ ಮನೆಗೋ ಹಿಟ್ಟು ಇಳಿಸಿ ಹೋಯಿತು. ಕಸ್ತೂರಿಗೆ ಆ ಹಸಿರು ಚುಕ್ಕೆಗಳು ಕಣ್ಣೆದುರು ಬಂದವು. ಒಂದೊಂದರ ಒಳಗೂ ಒಬ್ಬೊಬ್ಬರು. ತಮಗೇ ಬೇಕಾದದ್ದನ್ನು ಬಂದವರಿಗೆ ಬಡಿಸಲು ನಿಂತವರು. ಚಹಾ ಕೊಡುವುದು ಎಷ್ಟು ಸುಲಭ. ಕೊಡುವ ಕೈ ಮೇಲಿರುತ್ತದೆ, ಯಾರಿಗೂ ಏನೂ ತೋರಿಸಬೇಕಾಗಿಲ್ಲ. ಅವಳು ಮುಂಗೈಯನ್ನು ಎತ್ತಿ ಕಡಗವನ್ನು ಬಾಯಿಯ ಹತ್ತಿರ ತಂದಳು. ಒಂದು ಸಲ ಉಸಿರು ಎಳೆದುಕೊಂಡಳು. ಹಾಜರಾಬಿ ಮೆಟ್ಟಿಲ ಮೇಲೆ ಹಾಗೆಯೇ ನಿಂತಿದ್ದಳು, ಒಂದು ಕೈ ಕಟಾಂಜನದ ಮೇಲೆ. ಅವಸರ ಮಾಡಲಿಲ್ಲ, ಮತ್ತೆ ಕೇಳಲೂ ಇಲ್ಲ.

“ಬೇಕು,” ಎಂದಳು ಕಸ್ತೂರಿ. ದನಿ ತನ್ನದಲ್ಲವೆನ್ನುವಷ್ಟು ಒಡೆದಿತ್ತು. “ನನಗ ಜೊತೆ ಬೇಕು.”

ಕಡಗ ಒಮ್ಮೆಲೇ ಕೆಂಪಗೆ ಉರಿಯಿತು. ‘ನಾಡಿ ಏರಿದೆ. ದನಿಯಲ್ಲಿ ನಡುಕವಿದೆ. ಈ ಉತ್ತರ ನಂಬಲರ್ಹವಲ್ಲ. ನಿಮಗೆ ಹುಷಾರಿಲ್ಲವೇ? ವೈದ್ಯರನ್ನು ಕಳಿಸಲೇ?’

“ಬ್ಯಾಡ,” ಎಂದಳು ಕಸ್ತೂರಿ. ಆ ಒಂದು ಬೇಡ ಮಾತ್ರ ನಿಜವಾದದ್ದಾಗಿತ್ತು. “ನಾ ಅಂದದ್ದು ಹಂಗ ಬರಕೋ.”

ಅಣಿ ಒಂದು ಕ್ಷಣ ತಡೆಯಿತು. ಮೂರು ಬೇಡಗಳು ಸಮವಾಗಿದ್ದವು, ಬೇಕು ಒಂದೇ ನಡುಗುತ್ತಿತ್ತು. ಅದರ ಲೆಕ್ಕಕ್ಕೆ ಇದು ಹೊಂದಲಿಲ್ಲ. ಆದರೆ ಬಾಯಿಂದ ಬಂದ ಮಾತನ್ನು ಬರೆದುಕೊಳ್ಳುವುದು ಅದರ ಧರ್ಮ. ಕೆಂಪು ಆರಿ, ಮೆಲ್ಲಗೆ ಹಳದಿ ಮೂಡಿತು.

ರುಬಿನಾ ಚೀಲದಿಂದ ಪೆನ್ನು ತೆಗೆದು ಅಂಗೈ ಮೇಲೆ ಮನೆಯ ನಂಬರನ್ನಷ್ಟೇ ಬರೆದುಕೊಂಡಳು. “ಖಾಲಾ, ನಾ ಜವಳಿ ಸರ್ ಕಡೆ ಹೋಗಿರ್ತೀನಿ. ನೀ ಸಾವಕಾಶ ಬಾ,” ಎಂದು, ಯಾರ ಉತ್ತರಕ್ಕೂ ಕಾಯದೆ ಇಳಿದು ಹೋದಳು. ಕೆಳಗಿನ ತಿರುವಿನಲ್ಲಿ ಅವಳ ಚಪ್ಪಲಿಯ ಸದ್ದು ಓಟವಾಯಿತು.

ಹಾಜರಾಬಿ ಎರಡು ಮೆಟ್ಟಿಲು ಮರಳಿ ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಿಟಕಿಯ ಕುರ್ಚಿಯನ್ನು ಮುಟ್ಟದೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಹಿಡಿದ ಕಾಲನ್ನು ನೀಡಿಕೊಂಡು ಒತ್ತಿಕೊಳ್ಳತೊಡಗಿದಳು.

ಕಸ್ತೂರಿ ಅಡುಗೆಮನೆಗೆ ಹೋದಳು. ಅಣಿಗೆ ಹೇಳದೆ ತಾನೇ ಒಲೆ ಹಚ್ಚಿ ನೀರಿಟ್ಟಳು. ಸಕ್ಕರೆ ಎಲ್ಲಿದೆಯೆಂದು ಹುಡುಕುತ್ತಿದ್ದಾಗ ಹೊರಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅವಳು ಬೆಚ್ಚಿ ತಿರುಗಿದಳು. ತನ್ನ ಮನೆಯಲ್ಲಿ ತಾನಲ್ಲದೆ ಮತ್ತೊಬ್ಬರು ಕೆಮ್ಮಬಹುದೆಂಬುದು ಅವಳಿಗೆ ಮರೆತೇ ಹೋಗಿತ್ತು. ನೀರು ಕುದಿಯುತ್ತಿತ್ತು. ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, ಆ ಸದ್ದು ಇನ್ನೊಮ್ಮೆ ಬರುತ್ತದೇನೋ ಎಂದು ಕಸ್ತೂರಿ ಕಿವಿಗೊಟ್ಟು ನಿಂತಳು.